ಹಂಡೆಯ ಗಂಗೆ

"ಗುರುಗಳೇ, ನಿಮ್ಮಿಂದ ಕಲಿತದ್ದನ್ನು ಸಂತೆಯಲ್ಲಿ ಕಚ್ಚಾಡುವವರ ಮುಂದೆ ಹೇಳಬಹುದೇ? ಅಷ್ಟು ಪವಿತ್ರವಾದದ್ದು ಅಲ್ಲಿ ಕೆಡುವುದಿಲ್ಲವೇ?" ಎಂದು ಶಿಷ್ಯ ಗುರುಸಿದ್ಧ ಕೇಳಿದ.

ಗುರುಗಳು ನಕ್ಕರು. "ಕೆಡುತ್ತೇನೆಂಬ ಭಯ ಆ ಮಾತುಗಳಿಗೋ, ನಿನಗೋ? ಇರಲಿ, ಕೇಳು" ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಮನೆಯ ಮುಂದಿನ ಕಲ್ಲುಹಾಸಿನ ಅಂಗಳದಲ್ಲೇ ಅವನ ಗಾಣ. ದಿನವೂ ಅಲ್ಲಿ ಎಣ್ಣೆ ಚೆಲ್ಲುವುದು, ದಿನವೂ ಅವನ ಹೆಂಡತಿ ಅಂಟುವಾಳದ ನೊರೆ ಹಾಕಿ ಉಜ್ಜಿ ತೊಳೆಯುವುದು. ಆ ವರ್ಷ ಬೇಸಗೆ ಬೇಗ ಬಂತು. ಊರಬಾವಿಯ ತಳ ಕಂಡಿತು. ಬಾವಿಯ ನೀರು ಕುಡಿಯುವುದಕ್ಕೆ, ಅಡುಗೆಗೆ ಮಾತ್ರ. ನೆಲಕ್ಕೆ ಒಂದು ತೊಟ್ಟೂ ಸುರಿಯಬಾರದು ಎಂದು ಊರ ಹಿರಿಯರು ಕಟ್ಟು ಮಾಡಿದರು. ಗಾಣಿಗನ ಹೆಂಡತಿ ಕಟ್ಟು ಮೀರುವವಳಲ್ಲ. ಅಂಗಳ ತೊಳೆಯುವುದು ನಿಂತಿತು.

ಒಂದು ಸಂಜೆ ಅಕಾಲದ ಮಳೆ ಬಂತು. ಅಂಗಳಕ್ಕೆ ಬಳಸಲೆಂದೇ ಅವಳು ಸೂರಿನ ಕೆಳಗೆ ದೊಡ್ಡ ಹಂಡೆ ಇಟ್ಟಳು. ಅದು ತುಂಬಿತು. ತುಂಬಿದ ಹಂಡೆ ಕಂಡು ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಗಂಗಮ್ಮ ಮನೆಗೆ ಬಂದಳೆಂದು ಕೈಮುಗಿದಳು. ಅಲ್ಲಿಗೆ ಕೆಲಸ ಕೆಟ್ಟಿತು. ಪೂಜೆ ಮಾಡಿದ ನೀರನ್ನು ಕಾಲು ತುಳಿಯುವ ಕಲ್ಲಿಗೆ ಸುರಿಯುವುದು ಹೇಗೆ?

ಹಂಡೆ ಹಾಗೇ ಉಳಿಯಿತು. ಅಂಗಳಕ್ಕೆ ಜಿಡ್ಡು ಹತ್ತಿತು. ಬೂದಿ ಎರಚಿ ನೋಡಿದಳು. ಅದು ಎಣ್ಣೆಯಲ್ಲಿ ಕಲೆತು ನೆಲ ಇನ್ನಷ್ಟು ಜಾರತೊಡಗಿತು. ಗಾಣದ ಎತ್ತೇ ಒಮ್ಮೆ ಜಾರಿ ಮೊಣಕಾಲು ತರಚಿಕೊಂಡಿತು.

ಆಗ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಿದ್ದಾಳೆಂದು ಸುದ್ದಿ ಬಂತು. ಮನೆಗೆ ಬೇರೆ ದಾರಿಯಿಲ್ಲ. ತುಂಬಿದ ಬಸುರಿ ಆ ಅಂಗಳವನ್ನೇ ದಾಟಬೇಕು.

"ಹಂಡೆ ಬಗ್ಗಿಸೇ" ಎಂದ ಗಾಣಿಗ.

"ಗಂಗಮ್ಮನ ಕೈಲಿ ಎಣ್ಣೆ ಜಿಡ್ಡು ತೊಳೆಸೋದಾ? ಬಿಡ್ತು ಅನ್ನಿ!"

"ಮಗಳು ಜಾರಿ ಬಿದ್ರೆ ಅದೇ ಗಂಗಮ್ಮನ ಮುಂದೆ ನಿಂತು ಏನಂತ ಕೇಳ್ಕೋತೀಯ?"

ಅವಳು ಎತ್ತಿನ ಮೊಣಕಾಲಿನ ಗಾಯವನ್ನೊಮ್ಮೆ ನೋಡಿದಳು. ಆಮೇಲೆ "ತಪ್ಪಾಯ್ತು ತಾಯಿ" ಎಂದು ಕೆನ್ನೆ ಬಡಿದುಕೊಂಡು, ಹಂಡೆಗೆ ಚೊಂಬು ಅದ್ದಿದಳು. ಅಳುತ್ತಲೇ ಸುರಿದಳು, ಅಳುತ್ತಲೇ ಉಜ್ಜಿದಳು. ಕಪ್ಪು ನೀರು ಬೀದಿಗೆ ಹರಿದದ್ದು ಕಂಡು ಊರ ಹಿರಿಯನೊಬ್ಬ ಕೋಲೂರಿಕೊಂಡು ಜಗಳಕ್ಕೇ ಬಂದ. ಸೂರಿನ ಕೆಳಗಿದ್ದ ಹಂಡೆ ನೋಡಿ, ಇದು ಬಾವಿಯ ನೀರಲ್ಲವೆಂದು ತಿಳಿದು, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದ.

ಮಧ್ಯಾಹ್ನ ಗಾಡಿ ಬಂದು ನಿಂತಿತು. ಮಗಳು ನೆಲದ ಕಡೆ ನೋಡಲೇ ಇಲ್ಲ. ಅಪ್ಪನೊಡನೆ ಮಾತಾಡುತ್ತ, ನಗುತ್ತ ಅಂಗಳ ದಾಟಿ ಬಂದು ಜಗಲಿಯ ಮೇಲೆ ಕುಳಿತಳು. ತಾಯಿಗೆ ಹೋದ ಜೀವ ಬಂದಂತಾಯಿತು. ಖಾಲಿ ಹಂಡೆಗೆ ಒರಗಿ ಕುಳಿತು ನಿಡಿದಾಗಿ ಉಸಿರುಬಿಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಗುರುಸಿದ್ಧನ ಮನಸ್ಸೂ ಹಗುರಾಗಿತ್ತು. ಆದರೂ ಒಂದು ಅನುಮಾನ ಬಿಡಲಿಲ್ಲ.

"ಮಗಳು ಕ್ಷೇಮವಾಗಿ ಬಂದಳು, ಸರಿ. ಆದರೆ ಗಂಗೆಯೆಂದು ಪೂಜಿಸಿದ ನೀರು ಕೊನೆಗೆ ಕೊಳೆ ಹೊತ್ತು ಬೀದಿಗೆ ಹರಿಯಿತಲ್ಲ, ಗುರುಗಳೇ?"

"ಗಂಗೆಗೆ ಅದನ್ನು ಬಿಟ್ಟು ಬೇರೆ ಯಾವ ಕೆಲಸವಿದೆ, ಮಗು?"