ಸಲಗದ ದಾರಿಗೆ ಮೂರು ಲೆಕ್ಕ

ಕಾಡಿಗೂ ನಾಡಿಗೂ ಒಡೆಯನಾದ ಮಾದೇವನ ಪಾದಕ್ಕೆ ಶರಣು. ಹೆದರಿದವರ ಕೈಬಿಡದ ಅವನನ್ನು ನೆನೆದು ಈ ಕಥೆ ಹೇಳುತ್ತೇನೆ.

ಕಾಡಿನ ನಡುವೆ ದುಂಡನೆಯ ಒಂದು ಬಯಲು. ಬಯಲಿನ ನಟ್ಟನಡುವೆ ಗುಡಿಸಲು. ಅಲ್ಲಿ ನಿರ್ವಾಣಸ್ವಾಮಿ ಎಂಬ ಗುರು, ಮರಿಮಾದನೆಂಬ ಶಿಷ್ಯ.

ಗುರುವಿನ ಕಾಲು ಉಳುಕಿ ಊದಿಕೊಂಡಿತ್ತು. ಹೆಜ್ಜೆ ಇಡುವಂತಿರಲಿಲ್ಲ.

ಆ ಸೀಮೆಗೆ ಮದವೇರಿದ ಒಂಟಿ ಸಲಗ ಬಂದಿತ್ತು. ಸಂಜೆಯಾದರೆ ಯಾವುದೋ ಕಡೆಯಿಂದ ಬಯಲಿಗೆ ನುಗ್ಗಿ, ನೆಟ್ಟಗೆ ನಡೆದು, ಇನ್ನೊಂದು ಕಡೆ ಕಾಡು ಸೇರುತ್ತಿತ್ತು. ನಿನ್ನೆ ದಾರಿಗೆ ಸಿಕ್ಕ ಕೊಟ್ಟಿಗೆ ನೆಲಸಮವಾಗಿತ್ತು. ಸಲಗ ಹತ್ತಲಾರದ ಬಂಡೆಯೊಂದು ಬಯಲಿನಂಚಿಗೆ ಇತ್ತು, ಇದ್ದ ಆಸರೆ ಅಷ್ಟೇ.

ಹೊತ್ತು ಇಳಿಯುತ್ತಿತ್ತು. ಮರಿಮಾದ ಇದ್ದಿಲಿನಿಂದ ನೆಲದ ಮೇಲೆ ಬಯಲಿನ ದುಂಡು ಬರೆದ. ಅದರೊಳಗೆ ಗುಡಿಸಲಿನ ಸುತ್ತ ಅರ್ಧ ಅಗಲದ ಇನ್ನೊಂದು ದುಂಡು.

“ಈ ಒಳಗೆರೆ ದಾಟಿದರೆ ನಮ್ಮ ವಾಸನೆ ಹಿಡಿಯುತ್ತೆ, ಬುದ್ಧಿ. ಆಮೇಲೆ ನಾವಿಲ್ಲ.”

“ದಾಟುತ್ತಾ?”

“ಅಂಚಿನ ಒಂದು ಕಡೆ ಒಳಗೆ ಬಂತು ಅನ್ನಿ. ಅಂಚಿನಲ್ಲಿ ಎಲ್ಲಿಂದಾದರೂ ಹೊರಗೆ ಹೋಗಬಹುದು. ಅಂಚಿನ ನೇರ ಎದುರಿನ ಮೂರನೇ ಒಂದು ಭಾಗಕ್ಕೆ ಹೋದರೆ ಮಾತ್ರ ಒಳಗೆರೆ ದಾಟುತ್ತೆ, ಕಂಟಕ. ಮೂರರಲ್ಲಿ ಒಂದು ಪಾಲು.”

ಸ್ವಲ್ಪ ಉಸಿರು ಬಂತು. ಮತ್ತೆ ಅನುಮಾನ. ಆನೆ ಗುಡಿಸಲಿನಿಂದ ಎಷ್ಟು ದೂರದಲ್ಲಿ ಹಾಯಬಹುದು ಎಂದು ಅಳೆದ. ಗುಡಿಸಲಿನಿಂದ ಅಂಚಿನವರೆಗಿನ ದೂರದಲ್ಲಿ ಅರ್ಧ ಒಳಗೆರೆಯೊಳಗೇ ಇತ್ತು.

“ಅಯ್ಯೋ, ಎರಡರಲ್ಲಿ ಒಂದು!”

 ಇದ್ದಿಲು ಹಿಡಿದು ಮೂರನೆಯ ಸಲ ಲೆಕ್ಕಕ್ಕೆ ಕೂತ.

“ಅದರ ದಾರಿಯ ನಟ್ಟನಡು ಬಯಲಿನಲ್ಲಿ ಎಲ್ಲಿ ಬೀಳುತ್ತೆ ಅಂತ ನೋಡಿದರೆ? ಒಳದುಂಡಿನೊಳಗೆ ಬಿದ್ದರೆ ಮಾತ್ರ ಕಂಟಕ. ಅದು ಇಡೀ ಬಯಲಿನ ಕಾಲು ಭಾಗ. ನಾಲ್ಕರಲ್ಲಿ ಒಂದೇ, ಬುದ್ಧಿ! ಇದೇ ಸರಿ. ನೀವು ಇಲ್ಲೇ ಮಲಗಿರಿ. ನಾನು ಬಂಡೆ ಹತ್ತಿ ಊರವರನ್ನ ಕೂಗ್ತೀನಿ.”

“ಎರಡರಲ್ಲಿ ಒಂದು ಬಂದಾಗ ಏನು ಮಾಡಬೇಕು ಅಂತಿದ್ದೆ?”

“ನಿಮ್ಮನ್ನ ಹೊತ್ಕೊಂಡು ಬಂಡೆ ಹತ್ತಬೇಕು ಅಂತ.”

“ಹಾಗಾದರೆ ನನ್ನ ಭಾರ ಇಳಿಯೋವರೆಗೂ ಲೆಕ್ಕ ಮಾಡಿದೆ ಅನ್ನು.”

ಮರಿಮಾದ ತಲೆ ತಗ್ಗಿಸಿದ. “ಲೆಕ್ಕ ಯಾವುದೂ ತಪ್ಪಿಲ್ಲ, ಬುದ್ಧಿ. ಮತ್ತೆ ಮೂರು ಉತ್ತರ ಯಾಕೆ ಬಂತು?”

“ಒಂದೊಂದು ಸಲ ಒಂದೊಂದು ಆನೆ ನಡೆಸಿದೆ. ಮೂರೂ ನಿನ್ನವೇ. ಕಾಡಿನದು ಹೇಗೆ ದಾರಿ ಹಿಡಿಯುತ್ತೆ ಅಂತ ಗೊತ್ತಾ?”

“ಗೊತ್ತಿಲ್ಲ.”

ಹೊರಗೆ ಎಲ್ಲೋ ಬಿದಿರು ಮುರಿದ ಸದ್ದು. ಯಾವ ದಿಕ್ಕು ಎಂದು ತಿಳಿಯಲಿಲ್ಲ.

ಮರಿಮಾದ ಬಾಗಿಲ ಕಡೆ ನೋಡಿದ. ಬಾಗಿಲು ತೆರೆದಿತ್ತು. ಒಬ್ಬನೇ ಓಡಿದರೆ ಬಂಡೆ ಸಿಗುತ್ತಿತ್ತು.

ಅವನು ಗುರುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆನ್ನು ಬಾಗಿಸಿದ.

“ಹತ್ತಿ, ಬುದ್ಧಿ.”

ಬಯಲಿಗೆ ಇಳಿದಾಗ ಅವನ ಮೊಣಕಾಲುಗಳು ಗಡಗಡ ನಡುಗುತ್ತಿದ್ದವು. ಮತ್ತೆ ಬಿದಿರು ಮುರಿಯಿತು, ಈ ಸಲ ಹತ್ತಿರ. ಗುರು ಅವನ ಕಿವಿಯಲ್ಲಿ ಮೆಲ್ಲಗೆ ಕೇಳಿದರು:

“ಈಗ ಎಷ್ಟು ಪಾಲು ಭಯ, ಮಗಾ?”

“ಪೂರ್ತಿ, ಬುದ್ಧಿ.”

“ಸದ್ಯ, ಒಂದು ಲೆಕ್ಕವಾದರೂ ಸರಿಬಂತು. ನಡಿ.”

ಕೇಳಿದ ನಿಮಗೆಲ್ಲ ಮಾದೇವ ಒಳ್ಳೆಯದು ಮಾಡಲಿ. ನಡುಗುವ ಹೆಜ್ಜೆಗೆ ಜೊತೆಯಾಗಲಿ.