ಬಿಸಿ ಎಂಜಿನ್ನಿಗೆ ಸ್ನಾನ

ಬ್ಯಾಡಗಿಯಲ್ಲಿ ಫಕ್ಕೀರೇಶ ಎಂಬ ಚಾಲಕನಿದ್ದ. ಅವನದೊಂದು ಹಳೆಯ ಬಾಡಿಗೆ ಕಾರು. ಹನ್ನೊಂದು ವರ್ಷ ಅದು ಅವನ ಮನೆಗೆ ಅನ್ನ ಹಾಕಿತ್ತು. ಓಣಿಯ ಶಾವಂತ್ರವ್ವನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಹುಬ್ಬಳ್ಳಿಗೆ ಒಯ್ಯುತ್ತಿದ್ದುದೂ ಅದೇ. ಒಂದು ಸರದಿ ತಪ್ಪಿದರೂ ಆಕೆಗೆ ಉಸಿರಾಡುವುದು ಕಷ್ಟ.

ಆಯುಧ ಪೂಜೆಯ ದಿನವೂ ಆಕೆಯ ಸರದಿ ಇತ್ತು. ಎರಡು ಗಂಟೆಗೆ ಹೊರಡಬೇಕು. ಪೂಜೆಯ ಮುಹೂರ್ತ ಹನ್ನೊಂದಕ್ಕೆ. ಫಕ್ಕೀರೇಶ ಒಂದು ಬಾಡಿಗೆ ಮುಗಿಸಿ ಹತ್ತಕ್ಕೆ ಮನೆಗೆ ಬಂದ. ಪ್ರತಿವರ್ಷ ಕಾರಿನ ಹೊರಮೈ ಮಾತ್ರ ತೊಳೆಯುತ್ತಿದ್ದ. ಈ ಸಲ ಅವನಿಗೆ ಅನ್ನಿಸಿತು: ನಿಜವಾಗಿ ದುಡಿಯುವುದು ಎಂಜಿನ್. ಅದಕ್ಕೂ ಸ್ನಾನವಾಗಲಿ. ಬಾನೆಟ್ ಎತ್ತಿದ. ನೀರಿನ ಪೈಪ್ ಹಿಡಿದ.

"ಏ, ನಿಲ್ಲಲೇ!"

ಎದುರಿನ ಅಂಗಡಿಯಿಂದ ರಾಜೇಸಾಬ ಕೂಗಿದ. ನಲವತ್ತು ವರ್ಷ ಗಾಡಿಗಳ ರಿಪೇರಿ ಮಾಡಿದ ಮುದುಕ.

"ತೊಳಿಯಾಕತ್ತೀನಿ ಚಾಚಾ. ಹನ್ನೊಂದು ವರ್ಷ ದುಡದೈತಿ."

"ಅದಕ್ಕ ಕೊಲ್ತೀಯೇನು? ಕಾದ ಕಬ್ಬಿಣಕ್ಕ ತಣ್ಣೀರು ಬಿದ್ರ ಬಿರಿತೈತಿ. ವೈರಿನಾಗ ನೀರು ಹೊಕ್ರ ಶಾರ್ಟ್ ಆಕ್ಕೈತಿ. ಆಮ್ಯಾಲ ಶಾವಂತ್ರವ್ವನ್ನ ಹೆಗಲ ಮ್ಯಾಲ ಒಯ್ತೀಯಾ?"

ಫಕ್ಕೀರೇಶ ಪೈಪ್ ಇಳಿಸಿದ. "ಮತ್ತ ಹೆಂಗ?"

"ಮೊದಲು ಆರಲಿ. ಬ್ಯಾಟರಿ ಮೈನಸ್ ವೈರ್ ಬಿಚ್ಚು. ಒಣ ಬ್ರಷ್, ಹಿಂಡಿದ ಬಟ್ಟಿ. ಅಷ್ಟ."

"ಮುಹೂರ್ತ ಮೀರತೈತಿ."

"ಮೀರಲಿ."

ಪೈಪಿನಿಂದಾದರೆ ಐದು ನಿಮಿಷದ ಕೆಲಸ. ಫಕ್ಕೀರೇಶ ಒಮ್ಮೆ ಗಡಿಯಾರ ನೋಡಿದ, ಒಮ್ಮೆ ಎಂಜಿನ್ ನೋಡಿದ. ನಲ್ಲಿ ನಿಲ್ಲಿಸಿದ. ಎಂಜಿನ್ ಆರುವವರೆಗೆ ಕಾದು, ವೈರ್ ಬಿಚ್ಚಿ, ಬ್ರಷ್ ಹಿಡಿದ. ಅಷ್ಟರಲ್ಲಿ ಹನ್ನೊಂದು ದಾಟಿತ್ತು.

ಹೆಂಡತಿ ಸುಮಂಗಲಾ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಓಣ್ಯಾಗಿನ ಗಾಡಿ ಎಲ್ಲಾ ಹಾರ ಹಾಕ್ಕೊಂಡು ನಿಂತಾವು. ನಮ್ಮದಿನ್ನೂ ಹಲ್ಲುಜ್ಜಾಕತ್ತೈತಿ!"

"ಉಜ್ಜಲಿ ಬಿಡ," ಎಂದು ಅವನು ಎಂಜಿನ್ನಿನ ಹಿಂದಕ್ಕೆ ಕೈ ತೂರಿಸಿದ.

ಏನೋ ಮೆತ್ತಗೆ ತಾಗಿತು. ಇಲಿಗೂಡು. ಮೆಣಸಿನಕಾಯಿ ಚೀಲದ ನಾರು, ಹತ್ತಿ. ಅದರ ಪಕ್ಕದಲ್ಲೇ ಹೊಗೆಕೊಳವೆ. ಗಾಡಿ ಓಡುವಾಗ ಅದು ಕೆಂಡದಂತೆ ಕಾಯುತ್ತದೆ. ಮೇಲೆ ಪೆಟ್ರೋಲಿನ ರಬ್ಬರ್ ಪೈಪ್. ಇಲಿ ಅದನ್ನೂ ಕಡಿದಿತ್ತು. ತೂತು ಬೀಳಲು ಕೂದಲೆಳೆಯಷ್ಟು ಉಳಿದಿತ್ತು.

ಅವನು ಗೂಡನ್ನು ಹೊರಗೆಳೆದ. ನೀರು ಹಾಯಿಸಿದ್ದರೆ ಮೇಲೆಲ್ಲ ಫಳಫಳ ಹೊಳೆಯುತ್ತಿತ್ತು. ಇದು ಮಾತ್ರ ಕಾಣುತ್ತಿರಲಿಲ್ಲ. ದಾರಿಯಲ್ಲಿ ಬೆಂಕಿ ಹೊತ್ತಿಕೊಳ್ಳುವಾಗ ಶಾವಂತ್ರವ್ವ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿರುತ್ತಿದ್ದಳು.

ರಾಜೇಸಾಬ ಬಂದು ನೋಡಿದ. ಅಂಗಡಿಯಿಂದ ಹೊಸ ಪೈಪ್ ತಂದು ಹಾಕಿದ. ಫಕ್ಕೀರೇಶ ಅವನ ಕಾಲಿಗೆ ಬಾಗಿದ.

"ನೀವು ಕೂಗದಿದ್ರ ಚಾಚಾ..."

"ಏಳಲೇ. ಬ್ಯಾಟರಿ ವೈರ್ ಹಾಕು."

ಕಾರು ಒಂದೇ ಸಲಕ್ಕೆ ಶುರುವಾಯಿತು. ಸುಮಂಗಲಾ ಹಾರ ಹಾಕುವ ಹೊತ್ತಿಗೆ ಶಾವಂತ್ರವ್ವ ಗೋಡೆ ಹಿಡಿದುಕೊಂಡು ಬಂದಳು.

"ಈಗ ಪೂಜೀ ಮಾಡಾಕತ್ತೀಯೇನೋ ತಮ್ಮಾ? ಹೊತ್ತು ಮೀರೇತಲ್ಲ."

"ಪೂಜೀ ಆಗಲೇ ಆತವ್ವಾ," ಎಂದು ಫಕ್ಕೀರೇಶ ಅವಳಿಗೆ ಬಾಗಿಲು ತೆರೆದ. "ಈಗ ಹಾರ ಅಷ್ಟ."

ನೀತಿ: ನಮಗಾಗಿ ದುಡಿದವರ ಉಪಕಾರ ಸ್ಮರಿಸುವಾಗ ನಮ್ಮ ಹುರುಪೇ ಮುಖ್ಯವಲ್ಲ. ಅವರಿಗೆ ಏನು ಬೇಕು, ಏನು ಒಗ್ಗುವುದಿಲ್ಲ ಎಂದು ತಿಳಿದು, ಕೈಯಾರೆ ಮುಟ್ಟಿ ನೋಡಿಕೊಳ್ಳುವುದೇ ನಿಜವಾದ ಕೃತಜ್ಞತೆ.