ಪ್ಯಾಂಗೋಲಿನ್‌ಗೆ ಸ್ವಾಗತಗೀತೆ

ಶಾಲೆಯ ಪುಸ್ತಕದ ಬೀರುವಿಗೆ ಗೆದ್ದಲು ಹಿಡಿಯಿತು. ಅಲ್ಲೇ ವಾಸವಿದ್ದ ಗಿಳಿಯೂ ಹಲ್ಲಿಯೂ ಕಾಡಿನಿಂದ ಚಿಪ್ಪುಹಂದಿಯನ್ನು ಕರೆಸಿದವು. ಗೆದ್ದಲೆಂದರೆ ಅದಕ್ಕೆ ಹಬ್ಬದೂಟ. ಅತಿಥಿ ಬಾಗಿಲಿಗೆ ಬಂದಾಗ ಗಿಳಿ ರೆಕ್ಕೆ ಅಡ್ಡ ಚಾಚಿತು.

"ಸ್ವಾಗತಗೀತೆಯಿಲ್ಲದೆ ಗಣ್ಯರನ್ನು ಒಳಗೆ ಕರೆಯುವುದು ಹೇಗೆ? ಒಂದು ಗಳಿಗೆ ಕೂತಿರಿ."

ಗಣ್ಯರನ್ನು ಹಂದಿ ಎಂದು ಹಾಡಲು ಗಿಳಿಗೆ ಬಾಯಿ ಬರಲಿಲ್ಲ. ಇಂಗ್ಲಿಷಿನಲ್ಲಿ ಪ್ಯಾಂಗೋಲಿನ್ ಎಂದು ಮೊದಲ ಸಾಲು ಮುಗಿಸಿತು. ಎರಡನೆಯ ಸಾಲಿಗೆ ಪ್ರಾಸ ಬೇಕಾಯಿತು.

"ಮ್ಯಾಂಡೋಲಿನ್ ಅನ್ನಿ," ಎಂದಿತು ಹಲ್ಲಿ. "ಇಲ್ಲವೇ ವಯಲಿನ್."

"ಬಾಲ ಕೂಡಿತು, ತಲೆ ಕೂಡಲಿಲ್ಲ. ನನಗೆ ಸರಿಯಾದದ್ದೇ ಬೇಕು," ಎಂದ ಗಿಳಿ ದಪ್ಪ ಇಂಗ್ಲಿಷ್ ನಿಘಂಟನ್ನು ಮೊದಲ ಪುಟದಿಂದ ಹುಡುಕತೊಡಗಿತು.

ಎರಡು ದಿನ ಕಳೆಯಿತು. ಅತಿಥಿ ಬಾಗಿಲಲ್ಲೇ ಉಂಡೆಯಾಗಿ ಮಲಗಿತ್ತು. ಮೂರನೆಯ ದಿನ ನಿಘಂಟಿನ ನಡುವೆ ಗಿಳಿ ಒಂದು ಪುಟ ಮಗುಚಿದರೆ ಮುಂದೆ ಪುಟವೇ ಇಲ್ಲ, ಬರೀ ಮಣ್ಣು. ಕೊನೆಯ ಪುಟದಿಂದ ತಿನ್ನುತ್ತ ಬಂದ ಗೆದ್ದಲೊಂದು ತಲೆ ಎತ್ತಿತು.

"ಉಳಿದ ಪದಗಳೆಲ್ಲಿ?" ಎಂದಿತು ಗಿಳಿ.

"ತಿಂದಾಯಿತು ಸ್ವಾಮಿ. ನಿಮ್ಮ ಪ್ರಾಸವೂ ಅದರಲ್ಲೇ ಇತ್ತೋ ಏನೋ, ನಾವು ಓದುತ್ತ ಕೂರಲಿಲ್ಲ."

ಗಿಳಿ ಹಾರಿಹೋಗಿ ಅತಿಥಿಯನ್ನು ಎಬ್ಬಿಸಿ, ನಡೆದದ್ದನ್ನು ಹೇಳಿತು. ಚಿಪ್ಪುಹಂದಿ ಒಳಗೆ ಬಂದು, ಉದ್ದನೆಯ ನಾಲಿಗೆಯಿಂದ ಗೆದ್ದಲನ್ನೆಲ್ಲ ನೆಕ್ಕಿ ಮುಗಿಸಿ, ಬಾಯಿ ಒರೆಸಿಕೊಂಡಿತು.

"ನಿಮ್ಮ ಪ್ರಾಸ ಈಗ ನನ್ನ ಹೊಟ್ಟೆ ಸೇರಿತು. ಇನ್ನು ಹಾಡಬಹುದಲ್ಲ?"

ಗಿಳಿ ಮೆಲ್ಲಗೆ ಹಲ್ಲಿಯತ್ತ ಕತ್ತು ಹೊರಳಿಸಿತು. "ಮೊನ್ನೆ ಏನೋ ವಾದ್ಯದ ಹೆಸರು ಹೇಳಿದೆಯಲ್ಲ, ಯಾವುದದು?"